ಮೂಳೆಗೂ ಹೋಮ್‌ವರ್ಕ್ ಬೇಕು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಭಾಷಾ ಶಿಕ್ಷಕರಾದ ನಾವು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇವೆ. ಮಕ್ಕಳು ವಿನಯ, ಶಿಸ್ತು, ಸತ್ಯ ಎಂದೆಲ್ಲ ಬರೆಯುತ್ತಾರೆ. ನಾವು ಅಂಕ ಕೊಡುತ್ತೇವೆ. ಈ ಮಾತು ಮೈಗೂ ಸಲ್ಲುತ್ತದೆ ಎಂದು ನಮಗೆ ಅರಿವಾದದ್ದು ಮಾತ್ರ ಕಳೆದ ಚಳಿಗಾಲದಲ್ಲಿ, ಬಾನ್ ನಗರದ ಒಂದು ಕಾಲುದಾರಿಯ ಮೇಲೆ.

ಅಂದು ಶನಿವಾರ. ಹಿಮವೇನೂ ಬಿದ್ದಿರಲಿಲ್ಲ. ಆದರೆ ರಾತ್ರಿಯ ತುಂತುರು ಮಳೆ ಹೆಪ್ಪುಗಟ್ಟಿ ಕಲ್ಲುಹಾಸಿನ ಮೇಲೆ ಗಾಜಿನಂತೆ ಕುಳಿತಿತ್ತು. ತರಗತಿಗೆ ಹೊತ್ತಾಯಿತೆಂದು ಧಾವಿಸುತ್ತಿದ್ದ ನಾವು ಜಾರಿ, ಅಂಗೈ ಊರಿ ಬಿದ್ದೆವು. ಬಲಗೈ ಮಣಿಕಟ್ಟಿನ ಬಳಿ ಮೂಳೆ ಮುರಿಯಿತು. ಬೀಳುವಾಗ ಯಾರೇ ಆದರೂ ಕೈ ಮುಂದೆ ಚಾಚುತ್ತಾರೆ. ಆದ್ದರಿಂದಲೇ ಮಣಿಕಟ್ಟಿನ ಮುರಿತ ಅತಿ ಸಾಮಾನ್ಯ ಎಂದು ವೈದ್ಯರು ತಿಳಿಸಿದರು. ಆರು ವಾರ ಪ್ಲಾಸ್ಟರ್. ಮಕ್ಕಳು ಅದರ ಮೇಲೆ ಕನ್ನಡದಲ್ಲೇ ತಮ್ಮ ಹೆಸರು ಬರೆದರು. ಕೆಲವರ ಒತ್ತಕ್ಷರ ತಪ್ಪಿತ್ತು. ತಿದ್ದಲು ನಮಗೆ ಕೈ ಇರಲಿಲ್ಲ!

ನಿಜವಾದ ಪಾಠ ಕಲಿತದ್ದು ಪ್ಲಾಸ್ಟರ್ ಬಿಚ್ಚಿದ ದಿನ. ಬಲಗೈ ಎಡಗೈಗಿಂತ ತೆಳ್ಳಗಾಗಿತ್ತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲೂ ಶಕ್ತಿಯಿರಲಿಲ್ಲ. ಕೇವಲ ಆರು ವಾರ ಕೆಲಸವಿಲ್ಲದೆ ಕುಳಿತ ಸ್ನಾಯುಗಳ ಸ್ಥಿತಿ ಅದು. ಮೆತ್ತನೆಯ ಚೆಂಡನ್ನು ಹಿಚುಕುವುದು, ಮಣಿಕಟ್ಟು ತಿರುಗಿಸುವುದು ಎಂದು ಬರೆದ ಒಂದು ಹಾಳೆಯನ್ನು ಫಿಸಿಯೋಥೆರಪಿಯವರು ಕೊಟ್ಟರು. ಅದನ್ನು ಕಂಡ ಪುಟ್ಟ ಹುಡುಗಿಯೊಬ್ಬಳು, "ಮಿಸ್, ನಿಮಗೂ ಹೋಮ್‌ವರ್ಕ್ ಕೊಟ್ಟಿದ್ದಾರಾ?" ಎಂದು ಕೇಳಿದಳು. ಹೌದಲ್ಲವೇ!

ಸ್ನಾಯುವಿಗೆ ಮಾತ್ರವಲ್ಲ, ಮೂಳೆಗೂ ಈ ಹೋಮ್‌ವರ್ಕ್ ಬೇಕು. ಮೂಳೆ ಒಣ ಕಡ್ಡಿಯಲ್ಲ, ಜೀವವಿರುವ ಅಂಗ. ಅದು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಬರ್ಲಿನ್‌ನ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿಯೇ ಒಂದು ಗ್ರಂಥ ಬರೆದರು. ಓಡುವ, ಜಿಗಿಯುವ ಮಗುವಿನ ಮೂಳೆ ಗಟ್ಟಿಯಾಗುತ್ತದೆ. ಸದಾ ಕುಳಿತಿರುವ ಮಗುವಿನ ಮೂಳೆಗೆ ಗಟ್ಟಿಯಾಗಲು ಕಾರಣವೇ ಇಲ್ಲ. ಮೂಳೆಯ ಈ ಉಳಿತಾಯ ಖಾತೆ ತುಂಬುವುದು ಬಾಲ್ಯದಲ್ಲಿ ಮತ್ತು ಹರೆಯದಲ್ಲಿ. ಸುಮಾರು 30 ವರ್ಷದ ನಂತರ ನಾವು ಕೂಡಿಸಿಟ್ಟದ್ದನ್ನು ಕಾಪಾಡಿಕೊಳ್ಳಬೇಕಷ್ಟೆ. ಗಾದೆಯ ಅರ್ಥ ಇದೇ ಅಲ್ಲವೇ?

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆ ಇದೆ. ಊರಿನಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ, ಪೋರ್ಷನ್ ಮುಗಿದಿಲ್ಲವೆಂದು ಆಟದ ಪಿರಿಯಡ್ ಕೇಳಿ ಪಡೆದವರು ನಾವೇ. ಮಕ್ಕಳು ಕಿಟಕಿಯಾಚೆ ಮೈದಾನ ನೋಡುತ್ತಿದ್ದರು, ನಾವು ಸಂಧಿ, ಸಮಾಸ ಹೇಳುತ್ತಿದ್ದೆವು. ಅಕ್ಷರದ ಸಂಧಿಯ ಭರದಲ್ಲಿ ಮೈಯ ಸಂಧಿಯನ್ನು ಮರೆತೆವು. ಇಲ್ಲಿಗೆ ಬಂದ ಮೇಲೂ ಆ ಅಭ್ಯಾಸ ಪೂರ್ತಿ ಹೋಗಿಲ್ಲ. ಶನಿವಾರ ಮಕ್ಕಳನ್ನು ಬೆಂಚಿಗೆ ಅಂಟಿಸಿ ಕೂರಿಸುತ್ತೇವೆ. ಮನೆಯಲ್ಲಿಯೂ ಅಷ್ಟೆ: ಗಣಿತದಲ್ಲಿ ಅಂಕ ಕಡಿಮೆಯಾದರೆ ಚಿಂತಿಸುವ ನಾವು, ಮಗು ಎರಡು ಮಹಡಿ ಹತ್ತಿ ಏದುಸಿರು ಬಿಟ್ಟರೆ ಚಿಂತಿಸುವುದಿಲ್ಲ. ಚಳಿ ಎಂಬ ನೆಪದಲ್ಲಿ ಶಾಲೆಯ ಈಜು, ಆಟಗಳಿಂದ ಬಿಡಿಸಲು ಚೀಟಿ ಬರೆಯುವ ತಾಯಂದಿರೂ ನಮ್ಮಲ್ಲಿದ್ದಾರೆ.

ಇದು ನಮ್ಮ ಪರಂಪರೆಯಂತೂ ಅಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಸಾಮು, ದಂಡ, ಬಸ್ಕಿ ನಡೆಯುತ್ತಿದ್ದವು. ಉತ್ತರ ಕರ್ನಾಟಕದಲ್ಲಿ ಮಲ್ಲಕಂಬ, ಗುಂಡು ಎತ್ತುವ ಪಂದ್ಯಗಳು ಇಂದಿಗೂ ಜನರನ್ನು ಸೇರಿಸುತ್ತವೆ. ಈ ದೇಶದಲ್ಲಿಯೂ ಫ್ರೀಡ್ರಿಶ್ ಲುಡ್ವಿಗ್ ಯಾನ್ 1811ರಲ್ಲಿ ಬರ್ಲಿನ್‌ನಲ್ಲಿ ಬಯಲು ವ್ಯಾಯಾಮಶಾಲೆ ತೆರೆದರು. ಎರಡು ನಾಡಿನ ಆಸ್ತಿ ನಮ್ಮ ಮಕ್ಕಳದು. ಬಳಸದೆ ಬಿಡುವುದು ನ್ಯಾಯವೇ?

ಹಾಗೆಂದು ಒಂದೇ ದಿನದಲ್ಲಿ ಪೈಲ್ವಾನರಾಗಲು ಹೊರಡಬಾರದು. ನಮ್ಮ ಮೈಸೂರಿನ ವೇಗದ ಬೌಲರ್ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ಬಹುಕಾಲ ಆಟದಿಂದ ದೂರ ಉಳಿಯಬೇಕಾಯಿತು. ತಾಳ್ಮೆಯಿಂದ ಚೇತರಿಸಿಕೊಂಡು 2003ರ ವಿಶ್ವಕಪ್‌ವರೆಗೂ ಆಡಿದರು. ದುಡಿಮೆ, ವಿಶ್ರಾಂತಿ ಎರಡೂ ಬೇಕೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಪೋಷಕರಿಗೆ ಇನ್ನೂ ಎರಡು ಮಾತು. ಚಿಕ್ಕ ಮಕ್ಕಳನ್ನು ಒಂದೇ ಕೈ ಹಿಡಿದು ಜಗ್ಗಬೇಡಿ, ತೂಗಾಡಿಸಬೇಡಿ. ಮೊಣಕೈ ಕೀಲು ಜಾರಬಹುದು. ಎಳೆಯ ಮೂಳೆ ಕೆಲವೊಮ್ಮೆ ಹಸಿ ಕಡ್ಡಿಯಂತೆ ಬಾಗಿ ಒಂದು ಬದಿ ಮಾತ್ರ ಸೀಳುತ್ತದೆ, ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ಕಾಲು ಉಳುಕಿದೊಡನೆ ಎಣ್ಣೆ ಹಚ್ಚಿ ನೀವುವುದು, ಬಿಸಿನೀರು ಹಾಕುವುದು ನಮ್ಮ ಹಳೆಯ ರೂಢಿ. ಹೊಸ ಪೆಟ್ಟಿಗೆ ಅದು ಸಲ್ಲದು. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ, ಹದವಾಗಿ ಬ್ಯಾಂಡೇಜು ಕಟ್ಟಿ, ಕಾಲನ್ನು ದಿಂಬಿನ ಮೇಲಿಡಿ. ಊರಲು ಆಗದಿದ್ದರೆ, ಆಕಾರ ಬದಲಾಗಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಇಲ್ಲಿ ತುರ್ತಿಗೆ 112, ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ ವೈದ್ಯರ ಸಲಹೆಗೆ 116117.

ಬೆಂಗಳೂರು 13ನೇ ಅಕ್ಷಾಂಶದಲ್ಲಿದೆ, ಬಾನ್ ಸುಮಾರು 51ರಲ್ಲಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿಯ ಬಿಸಿಲು ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ಉಂಟುಮಾಡಲಾರದು. ನಮ್ಮಂತಹ ಕಂದು ಮೈಬಣ್ಣದವರಿಗೆ ಕೊರತೆ ಇನ್ನೂ ಬೇಗ. ವೈದ್ಯರನ್ನು ಕೇಳಿ ತಿಳಿಯಿರಿ, ಮಾತ್ರೆಯನ್ನು ನೀವೇ ನಿರ್ಧರಿಸಬೇಡಿ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು, ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ಇದಕ್ಕೆ ದುಬಾರಿ ಜಿಮ್ ಬೇಕಿಲ್ಲ. ರೈನ್ ನದಿಯ ದಂಡೆ ಇದೆ, ರೈನ್‌ಆವೆ ಉದ್ಯಾನವಿದೆ, ಮನೆಯ ಮೆಟ್ಟಿಲಿದೆ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ಪ್ರತಿ ಶನಿವಾರ ಪಾಠಕ್ಕೆ ಮುನ್ನ ಹತ್ತು ನಿಮಿಷ ಎಲ್ಲ ಭಾಷೆಗಳ ತರಗತಿಗಳೂ ಅಂಗಳದಲ್ಲಿ ಸೇರಲಿ. ಬಸ್ಕಿ, ಜಿಗಿತ, ಒಂಟಿ ಕಾಲಿನ ನಿಲುವು ಸಾಕು. ಕನ್ನಡದ ಮಕ್ಕಳು ಕನ್ನಡದಲ್ಲಿ, ತಮಿಳಿನವರು ತಮಿಳಿನಲ್ಲಿ ಎಣಿಸಲಿ. ಅಂಕಿಗಳ ಪಾಠವೂ ಆಗುತ್ತದೆ. ಮಕ್ಕಳನ್ನು ಬಿಟ್ಟು ಕಾರಿನಲ್ಲಿ ಕಾಯುವ ಅಪ್ಪ ಅಮ್ಮಂದಿರೂ ಇಳಿದು ಬರಲಿ. ವ್ಯಾಕರಣದ ಹತ್ತು ನಿಮಿಷ ಹೋಯಿತೆಂದು ನಾವಂತೂ ದೂರುವುದಿಲ್ಲ. ಅಂದು ಕಸಿದುಕೊಂಡ ಪಿರಿಯಡ್‌ಗಳ ಸಾಲವನ್ನು ಹೀಗಾದರೂ ತೀರಿಸುತ್ತೇವೆ.