ಎಂಟಕ್ಷರದ ಗುಟ್ಟು ಯಾರಿಗಾಗಿ?

ದುಬೈಯ ಹೋಟೆಲುಗಳಲ್ಲಿ ಬೆವರು ಸುರಿಸುವ ನಮ್ಮ ತಮ್ಮಂದಿರು ಬ್ಯಾಂಕಿನ ಮೂಲಕ ಕಳಿಸಿದ ಹಣ ಎಷ್ಟೋ ಸಲ ಪೂರ್ತಿ ಮನೆ ಸೇರುವುದಿಲ್ಲ. ಏಕೆಂದು ಕೇಳಿದರೆ 'ಸ್ವಿಫ್ಟ್' ಎಂಬ ಮಂತ್ರ ಹೇಳಿ ಕೈತೊಳೆದುಕೊಳ್ಳುತ್ತಾರೆ.

ಆ ಮಂತ್ರದಲ್ಲೇನಿದೆ? 1973ರಲ್ಲಿ ಬೆಲ್ಜಿಯಂನಲ್ಲಿ ಬ್ಯಾಂಕುಗಳೇ ಕೂಡಿ ಕಟ್ಟಿದ ಸಹಕಾರಿ ಸಂಸ್ಥೆಯದು. ಅದರ ಸಂಕೇತದ ಮೊದಲ 4 ಅಕ್ಷರ ಬ್ಯಾಂಕಿನದು, ಮುಂದಿನ 2 ದೇಶದ್ದು, ಆಮೇಲಿನ 2 ಸ್ಥಳದ್ದು. ಶಾಖೆಯನ್ನು ಹೇಳಬೇಕಾದರೆ ಇನ್ನು 3. ಅಂಚೆಯ ವಿಳಾಸವಿದ್ದಂತೆ, ಅಷ್ಟೆ! ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಾವು ಇದಕ್ಕೆ ಹೆದರಬೇಕೆ?

ಸ್ವಿಫ್ಟ್ ಸಾಗಿಸುವುದು ಸಂದೇಶವನ್ನು, ಹಣವನ್ನಲ್ಲ. ಎರಡು ಬ್ಯಾಂಕುಗಳ ನಡುವೆ ನೇರ ಲೆಕ್ಕವಿಲ್ಲದಿದ್ದರೆ ಮೂರನೆಯದೊಂದು ನಡುವೆ ನಿಂತು ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ವಿನಿಮಯದ ದರದಲ್ಲಿ ಮತ್ತೊಂದು ಕತ್ತರಿ. ಗುಟ್ಟಿರುವುದು ಅಕ್ಷರದಲ್ಲಲ್ಲ, ಈ ಕಡಿತದಲ್ಲಿ.

ಇಂಥ ರವಾನೆಯ ಖರ್ಚು 2030ರೊಳಗೆ ನೂರಕ್ಕೆ 3ಕ್ಕಿಂತ ಕೆಳಗಿಳಿಯಬೇಕೆಂದು ವಿಶ್ವಸಂಸ್ಥೆಯಲ್ಲಿ ರಾಷ್ಟ್ರಗಳು 2015ರಲ್ಲೇ ಒಪ್ಪಿವೆ. ಆ ಮಾತು ಬರಿಯ ಕಾಗದವಾಗಬಾರದು.

ನಾವು ದಾನ ಬೇಡುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇವೆ. ಶುಲ್ಕವೆಷ್ಟು, ದರವೆಷ್ಟು, ಮನೆಗೆ ಸೇರುವುದೆಷ್ಟು ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ಬರೆದುಕೊಡಲಿ. ಬಂಧುಗಳೇ, ಪರದೇಶದಲ್ಲಿರುವ ನಿಮ್ಮವರಿಗೆ ಇಂದೇ ತಿಳಿಸಿ: ಆ ಚೀಟಿ ಕೈಸೇರದೆ ಕೌಂಟರು ಬಿಟ್ಟು ಕದಲಬಾರದು!