ರುಜು ಹಾಕುವ ಮೊದಲು ಒಂದು ಮಾತು ಕೇಳಿ
ಹೊನ್ನಾಳಿ ಉಪವಿಭಾಗಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ವಯಸ್ಸಾದವರ ದೂರು ನಿಮ್ಮ ಕಚೇರಿಗೆ ಬರುವುದು ಬಹುತೇಕ ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ದಾನಪತ್ರ ನೋಂದಣಿಯಾಗಿ, ಪಹಣಿಯಲ್ಲಿ ಹೆಸರು ಬದಲಾಗಿರುತ್ತದೆ. ಆ ಹಂತ ತಲುಪುವ ಮುಂಚೆಯೇ ಅವರನ್ನು ಕಾಯಬಹುದು ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಜಮೀನಿನ ಬೆಲೆ ಏರಿದಂತೆ ಹಿರಿಯರ ಮೇಲಿನ ಒತ್ತಡವೂ ಏರುತ್ತದೆ. ‘ಅಪ್ಪಾ, ನಿನ್ನ ಹೆಸರಲ್ಲಿದ್ರೆ ಸಾಲ ಹುಟ್ಟಲ್ಲ, ಒಂದು ರುಜು ಹಾಕು’ ಎಂದಾಗ ಅದು ಯಾವ ಕಾಗದವೆಂದು ಓದಿ ಹೇಳುವವರು ಪಕ್ಕದಲ್ಲಿರುವುದಿಲ್ಲ. ಬರೆಸಿಕೊಂಡ ಮೇಲೆ ಹೊತ್ತಿಗೆ ಊಟವಿಲ್ಲ, ತೀರಿದ ಮಾತ್ರೆ ತರುವವರಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಗೂ ಅಜ್ಜಿಯ ಹೆಬ್ಬೆಟ್ಟು ಮಾತ್ರ ಬೇಕು, ದುಡ್ಡು ಇನ್ಯಾರದೋ ಜೇಬಿಗೆ. ಮನೆ ಮರ್ಯಾದೆಗೆ ಅಂಜಿ ಹಿರಿಯರು ಬೈಗುಳ, ಏಟುಗಳನ್ನೂ ನುಂಗಿಕೊಳ್ಳುತ್ತಾರೆ. ಎಲ್ಲ ಮನೆಗಳೂ ಹೀಗಿಲ್ಲ. ಆದರೆ ಹೀಗಿರುವ ಮನೆಯಲ್ಲಿ ಹಿರಿಯರಿಗೆ ಸರ್ಕಾರ ಬಿಟ್ಟರೆ ಬೇರೆ ದಿಕ್ಕಿಲ್ಲ.

2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಈ ಹೊಣೆಯನ್ನು ಉಪವಿಭಾಗಾಧಿಕಾರಿಯ ನೇತೃತ್ವದ ನ್ಯಾಯಮಂಡಳಿಗೆ ವಹಿಸಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತು ತಪ್ಪಿದರೆ, ಕಲಂ 23ರಡಿ ಆ ವರ್ಗಾವಣೆಯನ್ನು ರದ್ದು ಮಾಡಬಹುದು. ತೊಡಕಿರುವುದು ಆ ಷರತ್ತಿನಲ್ಲೇ. ಅಂಥ ಷರತ್ತು ಇತ್ತೆಂದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. ಈ ಕಾಯ್ದೆಯನ್ನು ಹಿರಿಯರ ಹಿತ ಕಾಯುವಂತೆ ಉದಾರವಾಗಿ ಅರ್ಥೈಸಬೇಕು ಎಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿತು. ಆದರೂ ದಾನಪತ್ರದಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಎಪ್ಪತ್ತು ದಾಟಿದ ಜೀವ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಮಗನ ಮುಂದೆ ಕೂತು ‘ಷರತ್ತು ಬರೆಯಿರಿ’ ಎನ್ನಲು ಯಾವ ತಾಯಿಗೆ ಬಾಯಿ ಬರುತ್ತದೆ? ಆ ಮಾತನ್ನು ಕಚೇರಿಯೇ ಆಡಬೇಕು.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಹಿರಿಯರು ದಾನಪತ್ರ ಬರೆದುಕೊಡಲು ಬಂದಾಗ ಅವರೊಬ್ಬರನ್ನೇ ಕೂರಿಸಿ, ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿ, ‘ನಿಮ್ಮನ್ನು ನೋಡಿಕೊಳ್ಳಬೇಕು ಎಂದು ಬರೆಸಿದ್ದೀರಾ?’ ಎಂದು ಕೇಳುವ ಕ್ರಮ ಬರಲಿ. ಉಪನೋಂದಣಾಧಿಕಾರಿಗಳು ನಿಮ್ಮ ಅಧೀನದಲ್ಲಿಲ್ಲ. ಆದರೂ ಜಿಲ್ಲಾಧಿಕಾರಿಗಳ ಮೂಲಕ ಈ ಮಾತು ಮುಟ್ಟಿಸಲು ನಿಮಗೆ ಸಾಧ್ಯ. ದಸ್ತಾವೇಜು ಬರಹಗಾರರಿಗೂ ಈ ಸಾಲಿನ ಮಹತ್ವ ತಿಳಿಸಿ.

ಎರಡನೆಯದು, ಕಾಯ್ದೆ ನಿಮಗೆ ಸ್ವಯಂಪ್ರೇರಿತವಾಗಿ ಜೀವನಾಂಶದ ಪ್ರಕರಣ ಕೈಗೆತ್ತಿಕೊಳ್ಳುವ ಅಧಿಕಾರ ಕೊಟ್ಟಿದೆ. ದಯವಿಟ್ಟು ಅದನ್ನು ಬಳಸಿ. ಸಾಸ್ವೆಹಳ್ಳಿಯಿಂದಲೋ ಬಸವಾಪಟ್ಟಣದಿಂದಲೋ ಮಂಡಿನೋವಿನ ಅಜ್ಜ ಬಸ್ಸು ಹಿಡಿದು ನಿಮ್ಮಲ್ಲಿಗೆ ಬರಲಾರ. ಗ್ರಾಮ ಆಡಳಿತ ಅಧಿಕಾರಿ, ಆಶಾ ಕಾರ್ಯಕರ್ತೆ, ಅಂಚೆಯಣ್ಣನಿಗೆ ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಗೊತ್ತಿರುತ್ತದೆ. ಅವರಿಂದ ಮಾಹಿತಿ ತರಿಸಿಕೊಂಡು ಹೋಬಳಿಯಲ್ಲೇ ವಿಚಾರಣೆ ನಡೆಸಿ. 14567 ಸಹಾಯವಾಣಿಯ ಸಂಖ್ಯೆ ಪ್ರತಿ ಪಂಚಾಯಿತಿಯ ಗೋಡೆಯ ಮೇಲಿರಲಿ.

ಮೂರನೆಯದು, ಆದೇಶ ಕಡತದಲ್ಲೇ ಉಳಿಯದಿರಲಿ. ನೋಟಿಸ್ ಜಾರಿಯಾದ 90 ದಿನಗಳೊಳಗೆ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು ಎನ್ನುತ್ತದೆ ಕಾಯ್ದೆ. ಕಾರಣವಿಲ್ಲದೆ ಕೊಡದವರಿಗೆ ವಾರಂಟ್, ಒಂದು ತಿಂಗಳವರೆಗೆ ಸೆರೆವಾಸವೂ ಉಂಟು. ಎಷ್ಟು ಅರ್ಜಿ ಬಂದವು, ಎಷ್ಟು ಆದೇಶ ಜಾರಿಯಾದವು ಎಂಬುದನ್ನು ಪ್ರತಿ ತಿಂಗಳು ನಿಮ್ಮ ಕಚೇರಿಯ ಫಲಕದಲ್ಲಿ ಪ್ರಕಟಿಸಿ.

ಹಿರಿಯರ ದೂರಿನ ಮೇಲೆ ಮಗ-ಸೊಸೆಯನ್ನು ಮನೆ ಬಿಡಿಸುವ ಆದೇಶ ಮಾಡುವಾಗ ಸೊಸೆಯ ಹಕ್ಕೂ ನೆನಪಿರಲಿ. ಬೆಂಗಳೂರಿನ ಪ್ರಕರಣವೊಂದರಲ್ಲಿ 2020ರಲ್ಲೇ ಸುಪ್ರೀಂ ಕೋರ್ಟ್ ಈ ಎಚ್ಚರಿಕೆ ಕೊಟ್ಟಿದೆ. ಒಬ್ಬರಿಗೆ ನ್ಯಾಯ ಕೊಡಲು ಇನ್ನೊಬ್ಬರನ್ನು ಬೀದಿಗೆ ತಳ್ಳಬೇಕಿಲ್ಲ.

ಜೂನ್ 15 ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಜಾಗೃತಿ ಮೂಡಿಸುವ ವಿಶ್ವ ದಿನ. ಆ ದಿನ ಸನ್ಮಾನ, ಶಾಲು, ಹಾರ ಬೇಡ. ಬಾಕಿ ಇರುವ ಅರ್ಜಿಗಳನ್ನು ಅಂದು ಕೈಗೆತ್ತಿಕೊಳ್ಳಿ, ಅರ್ಜಿದಾರರ ಊರಿಗೇ ಬಂದು ಅವರ ಮಾತು ಕೇಳಿ. ಅದಕ್ಕೆ ಬೇಕಾದ ಕಾಯ್ದೆಯೂ ಅಧಿಕಾರವೂ ಈಗಾಗಲೇ ನಿಮ್ಮ ಬಳಿ ಇವೆ.

ಇಂತಿ,
ಹೊನ್ನಾಳಿ ತಾಲ್ಲೂಕಿನ ಒಬ್ಬ ನಾಗರಿಕ