12345654321 ನಮ್ಮದಲ್ಲವೇ?

ಧಾರವಾಡದಲ್ಲಿ ಕನ್ನಡ ಸಂಶೋಧನೆ ಮಾಡುವ ನಮ್ಮಂಥವರಿಗೆ ಅಮೋಘವರ್ಷ ನೃಪತುಂಗನೆಂದರೆ ‘ಕವಿರಾಜಮಾರ್ಗ’. ಅದೇ 9ನೆಯ ಶತಮಾನದಲ್ಲಿ, ಅದೇ ಅರಸನನ್ನು ಹೊಗಳಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದ ಮಾತೆತ್ತಿದರೆ ಸೆಮಿನಾರ್ ಹಾಲಿನಲ್ಲಿ ಒಂದೇ ಉತ್ತರ: ‘ಗಣಿತ ನಮಗ ತಿಳಿಯೂದಿಲ್ಲ ಬಿಡ್ರಿ.’ ಆ ದನಿಯಲ್ಲಿ ನಾಚಿಕೆ ಇರುವುದಿಲ್ಲ, ಸಣ್ಣ ಹೆಮ್ಮೆಯೇ ಇರುತ್ತದೆ. ನನ್ನ ತಕರಾರು ಆ ಹೆಮ್ಮೆಯ ಬಗ್ಗೆ.

ಆ ಗ್ರಂಥದಲ್ಲೊಂದು ಗುಣಾಕಾರವಿದೆ. 27994681ನ್ನು 441ರಿಂದ ಗುಣಿಸಬೇಕು. ಎರಡರಲ್ಲೂ ನೋಡಲು ಚೆಂದವೇನಿಲ್ಲ. ಗುಣಲಬ್ಧ ಮಾತ್ರ 12345654321: ಒಂದರಿಂದ ಆರರವರೆಗೆ ಏರಿ, ಅದೇ ಮೆಟ್ಟಿಲುಗಳಲ್ಲಿ ಇಳಿಯುವ ಸಂಖ್ಯೆ. ಇಂಥವನ್ನು ಆಚಾರ್ಯ ಕೊರಳ ಹಾರಗಳೆಂದು ಕಂಡ. ಇದೇ ಹಾರ ವಾಟ್ಸಾಪಿನಲ್ಲಿ ಬಂದರೆ ಪೂರ್ವಜರ ಪವಾಡ. ಪವಾಡವೆಂದು ಕೈಮುಗಿಯುವವರೂ ನಮಗೇಕೆಂದು ಕೈತೊಳೆದುಕೊಳ್ಳುವವರೂ ಮಾಡದ ಕೆಲಸ ಒಂದೇ, ಗುಣಿಸಿ ನೋಡುವುದು.

111111ನ್ನು ಅದರಿಂದಲೇ ಗುಣಿಸಿ. ಆರು ಒಂದುಗಳ ಸಾಲು ಆರು ಸಲ ಬರುತ್ತದೆ, ಪ್ರತಿ ಸಲ ಒಂದು ಸ್ಥಾನ ಎಡಕ್ಕೆ ಸರಿದು. ಕೂಡಿಸಿದರೆ ಅಂಚಿನಲ್ಲಿ ಒಂದು, ನಟ್ಟನಡುವೆ ಆರು. ಒಂಬತ್ತು ಒಂದುಗಳವರೆಗೆ ಈ ಏರಿಳಿತ ನಡೆಯುತ್ತದೆ. ಹತ್ತಕ್ಕೆ ಹೋದರೆ ದಶಕ ಪಕ್ಕದ ಸ್ಥಾನಕ್ಕೆ ದಾಟಿ ಹಾರ ಹರಿಯುತ್ತದೆ, 1234567900987654321 ಆಗುತ್ತದೆ. ಅಂದರೆ ಈ ಚೆಂದ ಹತ್ತರ ಬರವಣಿಗೆಯದು. ಎಂಟರ ಲೆಕ್ಕದಲ್ಲಿ ಇದೇ ಸಂಖ್ಯೆಯನ್ನು ಬರೆದರೆ ಏರಿಳಿತ ಕಾಣದು. ಆಗಲೂ ಅಳಿಯದ ಗುಣವೊಂದಿದೆ: 3, 7, 11, 13, 37 ಎಂಬ ಐದು ಅವಿಭಾಜ್ಯಗಳು, ತಲಾ ಎರಡು ಸಲ. ಹಾಗಾಗಿ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 243. ಅಷ್ಟರಲ್ಲಿ ಆಚಾರ್ಯ ಆರಿಸಿದ್ದು 21ರ ವರ್ಗವಾದ 441. ಉಳಿದದ್ದು 5291ರ ವರ್ಗ. 111111ರ ಸುಳಿವನ್ನೇ ಬಚ್ಚಿಟ್ಟು ಹಾರವನ್ನು ಕೊನೆಗೆ ತೋರಿಸುತ್ತಾನೆ. ಪ್ರಾಸದ ಭೇದಗಳನ್ನು ಬಾಯಿಪಾಠ ಮಾಡುವ ನಮಗೆ ಇದೊಂದು ರಚನೆಯಾಗಿ ಕಾಣಿಸದೆ?

ಅದು ಸಂಸ್ಕೃತದ್ದು ಎನ್ನುತ್ತಾರೆ. ಸರಿ, ದಂಡಿಯ ‘ಕಾವ್ಯಾದರ್ಶ’ವನ್ನು ಬಿಟ್ಟು ಕವಿರಾಜಮಾರ್ಗವನ್ನು ಯಾರು ಓದಿಸುತ್ತಾರೆ? ಕನ್ನಡದಲ್ಲೇ ಬೇಕೆಂದರೆ 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವಿದೆ, ಅವನೂ ನಮಗೆ ಪರೀಕ್ಷೆಗೆ ಬೇಕಾದ ಒಂದು ಸಾಲು. ಪುಸ್ತಕ ಸಿಗುವುದಿಲ್ಲವೆಂಬ ನೆಪವೂ ನಿಲ್ಲದು. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು; 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು.

ಇದೇ ಊರಿನ ಎಂ.ಎಂ. ಕಲಬುರ್ಗಿಯವರು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’. ಆ ‘ಪರಿಸರ’ವನ್ನು ಈ ಹಾರದವರೆಗೆ ಹಿಗ್ಗಿಸುವ ಕೆಲಸ ನಮ್ಮದು. ಮುಂದಿನ ಸೆಮಿನಾರಿಗೆ ಹಾರ-ತುರಾಯಿಯ ಜೊತೆ ಒಂದು ಕರಿಹಲಗೆ, ಒಂದು ಖಡು ತರಿಸಿ. ಆರು ಸಾಲು ಬರೆದು ಕೂಡಿಸಲು ಎರಡು ನಿಮಿಷ ಸಾಕು. ನಮ್ಮ ಸ್ವಾಗತ ಭಾಷಣಗಳು ಅದಕ್ಕಿಂತ ಉದ್ದ ಇರುತ್ತವೆ.